ಕೆಜಿಎಫ್ ಬೆಂಗಳೂರಿನ ಮಲಗೋ ಕೋಣೆ ಅಲ್ಲ

1/6
ಯಾವೂರು ಅಂತ ಕೇಳ್ತಾರೆ. ಕೆಜಿಎಫ್ ಅಂದ ತಕ್ಷಣ ಎರಡರಲ್ಲಿ ಒಂದು ಗ್ಯಾರಂಟಿ. "ಓ, ರಾಕಿ ಭಾಯ್!" ಇಲ್ಲಾಂದ್ರೆ, "ಹೌದಾ, ಕನ್ನಡ ಬರುತ್ತಾ?"
ಬರುತ್ತೆ ಗುರು. ತಮಿಳೂ ಬರುತ್ತೆ, ತೆಲುಗೂ ಬರುತ್ತೆ, ಉರ್ದು ಅರ್ಥ ಆಗುತ್ತೆ. ಗಣಿ ಕೆಲಸಕ್ಕೆ ನಾಲ್ಕು ಕಡೆಯಿಂದ ಜನ ಬಂದು ಕಟ್ಟಿದ ಊರು ಇದು. ಆದ್ರೆ ಅಲ್ಲಿ ಜನ ಈಗ ಏನು ಮಾಡ್ಕೊಂಡು ಬದುಕ್ತಿದ್ದಾರೆ ಅಂತ ಒಬ್ಬರೂ ಕೇಳಲ್ಲ. ಈ ಸರಣಿ ಅದಕ್ಕೇ.

2/6
ಶಿವನಸಮುದ್ರದ ಕರೆಂಟು 1902ರಲ್ಲಿ ಸುಮಾರು 150 ಕಿ.ಮೀ. ತಂತಿ ದಾಟಿ ಮೊದಲು ಬಂದಿದ್ದು ನಮ್ಮ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಇಳಿದವರಲ್ಲಿ ಎಷ್ಟೋ ಜನ ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳ್ಕೊಂಡ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ಚಿನ್ನ ಹೋಯ್ತು. ಲೈನ್ ಮನೆಗಳು ಉಳಿದ್ವು, ಅದರಲ್ಲಿ ನಾವು ಉಳಿದ್ವಿ.
ಹಾಗಾಗಿ "ಹಿಂದುಳಿದ ಊರು" ಅನ್ನೋ ಮುಂಚೆ ಒಂದು ನಿಮಿಷ ಯೋಚ್ನೆ ಮಾಡಿ. ನಾವು ಹಿಂದೆ ಉಳಿದಿದ್ದಲ್ಲ, ಕೆಲಸ ಮುಗಿದ ಮೇಲೆ ನಮ್ಮನ್ನ ಬಿಟ್ಟು ಹೋಗಿದ್ದು.

3/6
ಈಗ ಗಣಿಗೆ ಇಳಿಯೋ ಬದಲು ರೈಲು ಹತ್ತುತೀವಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ, ಆಮೇಲೆ ಬೆಂಗಳೂರಿನ ಕಡೆ. ಬಂಗಾರಪೇಟೆ ದಾಟಿದ ಮೇಲೆ ಸೀಟಿನ ಮಾತೇ ಇಲ್ಲ.
ಲೆಕ್ಕ ಹಾಕಿ. ಮನೆ ಬಾಗಿಲಿಂದ ಕೆಲಸದ ಬಾಗಿಲಿಗೆ ಎರಡೂವರೆ ಗಂಟೆ ಅಂದ್ಕೊಳ್ಳಿ, ವಾಪಸ್ಸು ಅಷ್ಟೇ. ತಿಂಗಳಿಗೆ 25 ದಿನ ಅಂದ್ರೆ 125 ಗಂಟೆ. ವರ್ಷಕ್ಕೆ 1500 ಗಂಟೆ. ಹಗಲು ರಾತ್ರಿ ಸೇರಿಸಿ ಎರಡು ತಿಂಗಳು ಬರೀ ಓಡಾಟದಲ್ಲೇ ಹೋಯ್ತು. ಅದಕ್ಕೆ ಸಂಬಳ ಯಾರೂ ಕೊಡಲ್ಲ. ಇದನ್ನ "ಬೆಂಗಳೂರು ಹತ್ರ ಇರೋದು ನಿಮ್ಮ ಪುಣ್ಯ" ಅಂತಾರೆ!

4/6
"ಅಲ್ಲೇ ಶಿಫ್ಟ್ ಆಗ್ಬಹುದಲ್ಲ?"
ಆಗ್ಬಹುದು. ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಗಾರ್ಮೆಂಟ್ಸ್ ಕೆಲಸದ ಸಂಬಳದಲ್ಲಿ ಮನೆ ಬಾಡಿಗೆ, ಅಡ್ವಾನ್ಸು, ಊಟ ಕಳೆದು ಮನೆಗೆ ಎಷ್ಟು ಕಳಿಸ್ತೀರಾ, ನೀವೇ ಹೇಳಿ. ಲೈನ್ ಮನೇಲಿರೋ ಅಜ್ಜಿಯನ್ನ ಯಾರು ನೋಡ್ಕೋತಾರೆ? ಬೆಂಗಳೂರಿಗೆ ನಮ್ಮ ಕೈ ಬೇಕು, ನಾವು ಮಲಗೋಕೆ ಅಲ್ಲಿ ಜಾಗ ಬೇಡ. ಕಡಿಮೆ ಸಂಬಳದ ಜನ ದೂರದಲ್ಲಿದ್ದಷ್ಟು ಮಹಾನಗರಕ್ಕೆ ಅಗ್ಗ. ನಮ್ಮ ನಿದ್ದೆಯಿಂದ ಆ ಅಗ್ಗದ ಬೆಲೆ ಕಟ್ತಾ ಇದೀವಿ.
ಇಲ್ಲಿ ಬೆಮೆಲ್ ಇದೆ, ನಿಜ. ಒಂದು ಕಾರ್ಖಾನೆ ಇಡೀ ಊರಿಗೆ ಅನ್ನ ಹಾಕೋಕಾಗುತ್ತಾ?

5/6
ಕೊಡು ಕೊಳ್ಳೋದು ನೋಡಿ. ನಮ್ಮ ಜಿಲ್ಲೆಯಿಂದ ತರಕಾರಿ, ಹಾಲು, ಆಳು ಬೆಂಗಳೂರಿಗೆ ಹೋಗುತ್ತೆ. ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆ ಆಗಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತೆ. ಬರದ ಜಿಲ್ಲೆ, ಕೆರೆ ತುಂಬಿದ್ದು ಸಂತೋಷವೇ. ಆದ್ರೆ ನೀರು ಕಳಿಸೋಕೆ ಅಷ್ಟುದ್ದ ಪೈಪ್ ಹಾಕೋಕಾಗುತ್ತೆ ಅಂದ್ರೆ, ಕೆಲಸ ಈ ಕಡೆ ಕಳಿಸೋಕೆ ಯಾಕಾಗಲ್ಲ?
ಇನ್ನು ವೀಕೆಂಡ್ ರೀಲ್ಸ್‌ನವರಿಗೆ. ಆ ಸೈನೈಡ್ ದಿಬ್ಬ ನಿಮಗೆ ಬ್ಯಾಕ್‌ಗ್ರೌಂಡ್. ಗಾಳಿ ಎದ್ದರೆ ಅದೇ ಧೂಳು ನಮ್ಮ ಒಣಗಿಸಿದ ಬಟ್ಟೆ ಮೇಲೆ, ಮಕ್ಕಳ ಮೂಗಿನಲ್ಲಿ. ಬನ್ನಿ, ವಿಡಿಯೋ ಮಾಡಿ. ಕ್ಯಾಮೆರಾನ ಲೈನ್ ಮನೆ ಕಡೆಗೂ ಒಂದ್ಸಲ ತಿರುಗಿಸಿ.

6/6
ನಾವು ಕೇಳ್ತಿರೋದು ಏನು?
ರಾತ್ರಿ ಶಿಫ್ಟ್ ಬಿಟ್ಟ ಹೆಣ್ಮಕ್ಕಳು ಧೈರ್ಯವಾಗಿ ಮನೆ ಸೇರೋ ಹಾಗೆ ರೈಲು, ಇನ್ನಷ್ಟು ಬೋಗಿ. ತಲೆಮಾರುಗಳಿಂದ ಇರೋ ಮನೆಗಳಿಗೆ ಹಕ್ಕುಪತ್ರ. ದಿಬ್ಬದ ಧೂಳಿಗೆ ತಡೆ. ಗಣಿಯ ಖಾಲಿ ಜಾಗದಲ್ಲಿ ಕಾರ್ಖಾನೆ, ಅದರಲ್ಲಿ ಊರಿನವರಿಗೆ ಮೊದಲು ಕೆಲಸ.
ಕ್ಲಾಸ್‌ಮೇಟ್ಸ್, ನಿಮ್ಮಲ್ಲಿ ಸುಮಾರು ಜನಕ್ಕೆ 18 ತುಂಬಿದೆ. ಓಟು ಕೇಳೋಕೆ ಬಂದವರ ಹತ್ರ ಸೆಲ್ಫಿ ಕೇಳ್ಬೇಡಿ, ಈ ನಾಲ್ಕು ಕೇಳಿ. ಮತ್ತೆ ಬಯೋದಲ್ಲಿ "ಬೆಂಗಳೂರು" ಅಂತ ಹಾಕ್ಕೊಂಡಿರೋ ನಮ್ಮೂರ ಹುಡುಗ್ರು ಹುಡುಗೀರು, ಅದನ್ನ ಇವತ್ತೇ ಅಳಿಸಿ, ಕೆಜಿಎಫ್ ಅಂತ ಬರೀರಿ. ನಮ್ಮೂರ ಹೆಸರು ಹೇಳೋಕೆ ನಾವೇ ನಾಚ್ಕೊಂಡ್ರೆ, ನಮ್ಮೂರಿಗೆ ರೈಲು ಕೇಳೋರು ಯಾರು?

#ಕೆಜಿಎಫ್ #ಕೋಲಾರ #ಲೈನ್‌ಮನೆ #ನಮ್ಮೂರಿಗೂಕೆಲಸ