ಜೀಪಿನ ಬಂಪರಿಗೆ ಬಲವೊಂದೇ ಸಾಕೆ?

ಮಳೆಗಾಲದಲ್ಲಿ ಕೊಡಗಿನ ಅಥವಾ ಚಿಕ್ಕಮಗಳೂರಿನ ಕಾಫಿ ತೋಟಗಳೊಳಗೆ ಓಡಾಡಿದವರಿಗೆ ಜೀಪಿನ ಉಪಕಾರ ಎಂಥದೆಂಬುದು ತಿಳಿದೇ ಇರುತ್ತದೆ. ಕೆಸರು, ಕೊರಕಲು, ಜಾರುವ ಏರು, ಬೇರು ಚಾಚಿದ ದಾರಿ ಇವೆಲ್ಲವನ್ನೂ ದಾಟಿ ಗೊಬ್ಬರವನ್ನೂ ಕೆಲಸಗಾರರನ್ನೂ ಹೊತ್ತೊಯ್ಯುವ ವಾಹನ ಅದು. ಇಂತಹ ಜೀಪುಗಳಲ್ಲಿ ಹಲವಕ್ಕೆ ಕಾರಖಾನೆಯಿಂದ ಬಂದ ಹಿಂಬದಿಯ ಬಂಪರು ಉಳಿದಿರುವುದಿಲ್ಲ. ಅದನ್ನು ಕಳಚಿಹಾಕಿ, ಸಮೀಪದ ಊರಿನ ವರ್ಕ್‌ಷಾಪಿನಲ್ಲಿ ಉಕ್ಕಿನ ಬೇರೊಂದು ಬಂಪರನ್ನು ಮಾಡಿಸಿ ಕೂಡಿಸಿರುತ್ತಾರೆ. ಈಚೆಗೆ ಕಾಡುದಾರಿಯ ಸಂಚಾರವನ್ನೇ ಒಂದು ಕ್ರೀಡೆಯನ್ನಾಗಿ ಮಾಡಿಕೊಂಡಿರುವ ಯುವಕರಲ್ಲಿಯೂ ಈ ಪದ್ಧತಿ ಹರಡಿದೆ.

ವರ್ಕ್‌ಷಾಪಿನಲ್ಲಿ ನಡೆಯುವ ಸಂಭಾಷಣೆ ಬಹುಮಟ್ಟಿಗೆ ಒಂದೇ ತೆರನಾದುದು. “ಗಟ್ಟಿಯಾಗಿರಬೇಕು ಮೇಸ್ತ್ರಿ, ಏನು ತಾಗಿದರೂ ಬಗ್ಗಕೂಡದು” ಎನ್ನುತ್ತಾರೆ ಒಡೆಯರು. “ಹಾಗಾದರೆ ಎಂಟು ಮಿಲಿಮೀಟರಿನ ಪ್ಲೇಟೇ ಹಾಕಿಬಿಡೋಣ ಸಾರ್” ಎನ್ನುತ್ತಾರೆ ಮೇಸ್ತ್ರಿಗಳು. ಅಲ್ಲಿಗೆ ಮಾತು ಮುಗಿಯಿತು. ಕತ್ತರಿಸುವ ಕೆಲಸ ಮೊದಲಾಯಿತು. ಮಾತು ಇಷ್ಟು ಬೇಗ ಮುಗಿಯಬಾರದೆಂಬುದೇ ನನ್ನ ಅಭಿಪ್ರಾಯ. ಬಂಪರು ಯಾವ ಕೆಲಸಕ್ಕೆ ಬೇಕು, ಅದರ ಮೇಲೆ ಬೀಳುವ ಬಲ ಎಲ್ಲಿಗೆ ಹೋಗಿ ಸೇರುತ್ತದೆ, ಅದರ ಹಿಂದೆ ಯಾರಿರುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವ ತನಕ ದಪ್ಪದ ಮಾತೆತ್ತುವುದು ಅಕಾಲಿಕ.

“ಏನು ತಾಗಿದರೂ ಬಗ್ಗಕೂಡದು” ಎಂಬ ಬಯಕೆಯನ್ನೇ ಮೊದಲು ಪರೀಕ್ಷಿಸೋಣ. ಜನ, ಸಾಮಾನು ಸೇರಿ 1800 ಕಿಲೋಗ್ರಾಂ ತೂಗುವ ಜೀಪೊಂದು ಏರಿನಲ್ಲಿ ಹಿಡಿತ ತಪ್ಪಿ, ಗಂಟೆಗೆ 18 ಕಿಲೋಮೀಟರು ವೇಗದಿಂದ ಹಿಮ್ಮುಖವಾಗಿ ಜಾರಿ ಮರವೊಂದಕ್ಕೆ ತಾಗಿತೆಂದು ಭಾವಿಸಿ. ಸೆಕೆಂಡಿಗೆ 5 ಮೀಟರು ವೇಗ. ಆದುದರಿಂದ ಅದರ ಚಲನಶಕ್ತಿ 22,500 ಜೂಲುಗಳು. ಈ ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು. ಹಿಂಬದಿಯ ಲೋಹ 30 ಸೆಂಟಿಮೀಟರು ನುಗ್ಗಾಗಿ ವಾಹನ ನಿಂತರೆ ಸರಾಸರಿ ಬಲ 75,000 ನ್ಯೂಟನ್ನುಗಳು, ಎಂದರೆ ಸುಮಾರು ಏಳೂವರೆ ಟನ್ನಿನ ತೂಕ. ಬಂಪರು ಬಗ್ಗದೆ, ವಾಹನ 5 ಸೆಂಟಿಮೀಟರಿನಲ್ಲೇ ನಿಂತುಬಿಟ್ಟರೆ ಬಲ 4,50,000 ನ್ಯೂಟನ್ನುಗಳಿಗೆ ಏರುತ್ತದೆ. ಸುಮಾರು 46 ಟನ್ನು! ಬಂಪರಿಗೆ ಗಾಯವಾಗಲಿಲ್ಲ, ನಿಜ. ಆದರೆ ಆ ಪೆಟ್ಟು ಚಾಸಿಯ ಮೂಲಕ ಹಾದು ಒಳಗೆ ಕುಳಿತವರ ಕತ್ತಿಗೂ ಬೆನ್ನುಮೂಳೆಗೂ ತಲುಪಿತು.

ಈ ತತ್ತ್ವವನ್ನು ಕಾರುಗಳ ರಚನೆಯಲ್ಲಿ ತಂದ ಕೀರ್ತಿ ಮರ್ಸಿಡಿಸ್ ಬೆನ್ಜ್ ಕಾರಖಾನೆಯ ಎಂಜಿನಿಯರ್ ಬೇಲಾ ಬಾರೇನಿ ಅವರದು. ಪ್ರಯಾಣಿಕರು ಕೂಡುವ ಭಾಗ ದೃಢವಾಗಿರಬೇಕು, ಅದರ ಮುಂದಿನ ಮತ್ತು ಹಿಂದಿನ ಭಾಗಗಳು ಪೆಟ್ಟು ಬಿದ್ದಾಗ ಕ್ರಮವಾಗಿ ನುಗ್ಗಾಗಬೇಕು ಎಂಬ ಅವರ ಕಲ್ಪನೆಗೆ 1951ರಲ್ಲಿ ಪೇಟೆಂಟು ಕೋರಲಾಯಿತು. 1959ರಲ್ಲಿ ಆ ರೀತಿಯ ಕಾರು ಮಾರಾಟಕ್ಕೆ ಬಂದಿತು. ಅದಕ್ಕೆ ಮೊದಲು ಕಾರೆಲ್ಲವೂ ಬಂಡೆಯಂತಿದ್ದರೆ ಕ್ಷೇಮವೆಂದೇ ಜನರು ನಂಬಿದ್ದರು. ನಮ್ಮ ವರ್ಕ್‌ಷಾಪುಗಳಲ್ಲಿ ಆ ಹಳೆಯ ನಂಬಿಕೆ ಇನ್ನೂ ಅಳಿದಿಲ್ಲ.

ಹಾಗಾದರೆ ಉಕ್ಕಿನ ಬಂಪರೇ ಬೇಡವೆ? ಹಾಗೆನ್ನುವುದು ಸರಿಯಲ್ಲ. ಕಾಡುದಾರಿಯ ಅಗತ್ಯಗಳು ಪೇಟೆಯ ರಸ್ತೆಯವುಗಳಿಗಿಂತ ಬೇರೆ. ಹಿಂದಿನ ಗಾಲಿ ನೆಲ ಮುಟ್ಟುವಲ್ಲಿಂದ 90 ಸೆಂಟಿಮೀಟರು ಹಿಂದೆ, ನೆಲದಿಂದ 45 ಸೆಂಟಿಮೀಟರು ಎತ್ತರದಲ್ಲಿ ಬಂಪರಿನ ಕೆಳ ಅಂಚು ಇದೆಯೆನ್ನೋಣ. ಈ ಎರಡು ಬಿಂದುಗಳನ್ನು ಸೇರಿಸುವ ರೇಖೆ ನೆಲದೊಡನೆ ಮಾಡುವ ಕೋನ ಸುಮಾರು 27 ಡಿಗ್ರಿ. ಇದಕ್ಕಿಂತ ಕಡಿದಾದ ದಿಬ್ಬವನ್ನು ಇಳಿದು ಸಮತಲಕ್ಕೆ ಬರುವಾಗ ಬಂಪರು ನೆಲಕ್ಕೆ ತಗಲುತ್ತದೆ. ಅಂಚನ್ನು 15 ಸೆಂಟಿಮೀಟರು ಮೇಲೆತ್ತಿ ರಚಿಸಿದರೆ ಕೋನ ಸುಮಾರು 34 ಡಿಗ್ರಿಗೆ ಏರುತ್ತದೆ. ಇದೊಂದು ನಿಜವಾದ ಲಾಭ. ಎರಡನೆಯ ಅಗತ್ಯ, ಹೂತುಹೋದ ವಾಹನವನ್ನು ಎಳೆಯಲು ಭದ್ರವಾದ ಕೊಂಡಿ. 1941ರಿಂದ ಯುದ್ಧಕ್ಕಾಗಿ ತಯಾರಾದ ವಿಲ್ಲೀಸ್ ಜೀಪನ್ನು ನೋಡಿ: ಅದರ ಹಿಂಬದಿಯಲ್ಲಿ ಇಡೀ ಅಗಲದ ಬಂಪರೇ ಇರಲಿಲ್ಲ. ಎರಡು ಪಕ್ಕಗಳಲ್ಲಿ ಎರಡು ಚಿಕ್ಕ ಬಂಪರುಗಳು, ನಡುವೆ ಎಳೆಯುವ ಕೊಕ್ಕೆ, ಅಷ್ಟೆ. ಅದರ ಕರ್ತೃಗಳಿಗೆ ಹಿಂಬದಿಯಲ್ಲಿ ಬೇಕಾದುದು ಏನೆಂಬ ವಿಷಯದಲ್ಲಿ ಸಂಶಯವಿರಲಿಲ್ಲ.

ಇನ್ನು ದಪ್ಪದ ವಿಚಾರ. ಚಪ್ಪಟೆಯಾದ ತಗಡಿನ ದಪ್ಪವನ್ನು ಇಮ್ಮಡಿಸಿದರೆ ಅದು ಬಾಗದೆ ನಿಲ್ಲುವ ಗುಣ ಎಂಟು ಪಟ್ಟಾಗುತ್ತದೆ. ತೂಕವೂ ಎರಡು ಪಟ್ಟಾಗುತ್ತದೆ. ಆದರೆ ಬಿಗಿತವನ್ನು ಪಡೆಯಲು ಇನ್ನೂ ಅಗ್ಗವಾದ ದಾರಿಯುಂಟು. ಒಂದು ಹಾಳೆ ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಡಿ. ಅದು ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ಅದರ ಎರಡು ಅಂಚುಗಳನ್ನು ದೋಣಿಯಂತೆ ಮೇಲಕ್ಕೆ ಮಡಿಸಿ ಇಡಿ. ಈಗ ಅದು ಪೆನ್ಸಿಲನ್ನೂ ಹೊರುತ್ತದೆ. ಕಾಗದ ಹೆಚ್ಚಾಗಲಿಲ್ಲ, ಆಕಾರ ಬದಲಾಯಿತು. ಮೂರು ನಾಲ್ಕು ಮಿಲಿಮೀಟರಿನ ತಗಡನ್ನು ಸರಿಯಾಗಿ ಮಡಿಸಿ ಮಾಡಿದ ಬಂಪರು, ಎಂಟು ಮಿಲಿಮೀಟರಿನ ಚಪ್ಪಟೆ ಪಟ್ಟಿಗಿಂತ ಬಿಗಿಯಾಗಿರಬಲ್ಲದು.

ತೂಕವನ್ನು ಅಲಕ್ಷಿಸುವಂತಿಲ್ಲ. ಒಂದು ಘನ ಮೀಟರು ಉಕ್ಕು 7850 ಕಿಲೋಗ್ರಾಂ ತೂಗುತ್ತದೆ. 150 ಸೆಂಟಿಮೀಟರು ಉದ್ದ, 50 ಸೆಂಟಿಮೀಟರು ಅಗಲ, 5 ಮಿಲಿಮೀಟರು ದಪ್ಪದ ತಗಡೊಂದೇ 29 ಕಿಲೋಗ್ರಾಂ ಆಯಿತು. ಕೊಂಡಿಗಳು, ಆಧಾರಗಳು ಸೇರಿದರೆ 40 ಆಗುವುದು ಕಷ್ಟವಲ್ಲ. ಈ ತೂಕ ಕೂಡುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ. ಅದು ಅಚ್ಚಿನಿಂದ ಒಂದು ಮೀಟರು ಹಿಂದಿದ್ದು, ಎರಡು ಅಚ್ಚುಗಳ ನಡುವಿನ ಅಂತರ 2.4 ಮೀಟರಾದರೆ, ಸನ್ನೆಗೋಲಿನ ನಿಯಮದಂತೆ ಹಿಂದಿನ ಅಚ್ಚಿನ ಮೇಲೆ ಸುಮಾರು 57 ಕಿಲೋಗ್ರಾಂ ಹೆಚ್ಚುತ್ತದೆ, ಮುಂದಿನ ಅಚ್ಚಿನಿಂದ 17 ಕಿಲೋಗ್ರಾಂ ಕಡಮೆಯಾಗುತ್ತದೆ. ದಿಕ್ಕು ತಿರುಗಿಸುವ ಗಾಲಿಗಳು ಮುಂದಿನವು. ಏರು ಹತ್ತುವಾಗ ಅವು ಮೊದಲೇ ಹಗುರವಾಗಿರುತ್ತವೆ. ಭದ್ರತೆಗೆಂದು ಹೇರಿದ ಉಕ್ಕು ಹಿಡಿತವನ್ನೇ ಕಿತ್ತುಕೊಳ್ಳಬಾರದಷ್ಟೆ.

ನನ್ನ ಎರಡನೆಯ ಪ್ರಶ್ನೆ, ಬಲ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು. ಅಚ್ಚಿನವರೆಗೆ ಕೆಸರಿನಲ್ಲಿ ಹೂತ ವಾಹನವನ್ನು ಎಳೆಯಲು ಅದರ ತೂಕದಷ್ಟೇ, ಕೆಲವೊಮ್ಮೆ ಅದಕ್ಕೂ ಮೀರಿದ, ಬಲ ಬೇಕಾಗಬಹುದು. ಈ ಬಲವೆಲ್ಲ ಕೊಂಡಿಯಿಂದ ಬಂಪರಿಗೆ, ಬಂಪರಿನಿಂದ ಬೋಲ್ಟುಗಳಿಗೆ, ಬೋಲ್ಟುಗಳಿಂದ ಚಾಸಿಯ ಉದ್ದ ತೊಲೆಗಳಿಗೆ ಹರಿಯಬೇಕು. ಸರಪಣಿಯ ಅತಿ ದುರ್ಬಲ ಕಂಡಿಯೇ ಸರಪಣಿಯ ಬಲ. ಕೊಂಡಿಯ ದಪ್ಪ ನಾಲಿಗೆಯನ್ನು ಬಂಪರಿನ ಮುಖಕ್ಕೆ ಮೇಲಿಂದ ಮೇಲೆ ಬೆಸೆದರೆ, ಎಳೆತಕ್ಕೆ ಅದು ತಗಡನ್ನು ಹರಿದುಕೊಂಡು ಬರುತ್ತದೆ. ಆ ನಾಲಿಗೆ ಮುಖದೊಳಗಿನ ಸೀಳಿನ ಮೂಲಕ ಹಾದು, ಒಳಗೂ ಹೊರಗೂ ಬೆಸೆಯಲ್ಪಟ್ಟು, ಚಾಸಿಯ ಆಧಾರದವರೆಗೆ ಮುಟ್ಟಿರಬೇಕು.

ಬೋಲ್ಟುಗಳನ್ನೂ ಓದಲು ಕಲಿಯಬೇಕು. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚಾಗಿರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ, ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ನುಗಳ ಎಳೆತವನ್ನು ತುಂಡಾಗುವ ಮೊದಲು ಅದು ತಾಳುತ್ತದೆಂದು ಅರ್ಥ. ಅದರ ಹತ್ತರಲ್ಲಿ ಎಂಟು ಪಾಲಿನಲ್ಲಿ ಅದು ಶಾಶ್ವತವಾಗಿ ಹಿಗ್ಗಲಾರಂಭಿಸುತ್ತದೆಂದು ಎರಡನೆಯ ಅಂಕಿ ತಿಳಿಸುತ್ತದೆ. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟಿಗೆ ಯಾರ ಜಾಮೀನೂ ಇಲ್ಲ. ಕೊಂಡಿಗೆ ಹಾಕುವ ಷ್ಯಾಕಲ್ಲುಗಳ ಮೇಲೂ 3.25 ಟನ್ನು, 4.75 ಟನ್ನು ಎಂಬಂತೆ ಮಿತಿ ನಮೂದಾಗಿರುತ್ತದೆ.

ಇಷ್ಟು ಎಚ್ಚರಿಕೆ ಏತಕ್ಕೆಂದರೆ, ಎಳೆಯುವ ಪಟ್ಟಿ ಹಿಗ್ಗಿ ರಬ್ಬರಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಆಗ ಕೊಂಡಿ ಕಿತ್ತುಬಂದರೆ ಆ ಲೋಹದ ತುಂಡು ಕವಣೆಯ ಕಲ್ಲಿನಂತೆ ಹಾರುತ್ತದೆ. ಟ್ರೇಲರು ಎಳೆಯುವುದಕ್ಕೆಂದು ಇರುವ ಗುಂಡಿಗೆ ಪಟ್ಟಿ ಸಿಕ್ಕಿಸಿ ಎಳೆದು, ಗುಂಡು ಮುರಿದು ಹಾರಿ ಜೀವಹಾನಿಯಾದ ಪ್ರಸಂಗಗಳು ಉಂಟು. ಬಂಪರು ಮಾಡುವವನ ಕೈಯಲ್ಲಿ, ಪಕ್ಕದಲ್ಲಿ ನಿಂತು ನೋಡುವವನ ಪ್ರಾಣವಿದೆ.

ಬೆಸುಗೆಯ ವಿಷಯದಲ್ಲಿ ಅನುಭವಸ್ಥ ಮೇಸ್ತ್ರಿಗಳಿಂದ ನಾವು ಕಲಿಯತಕ್ಕದ್ದು ಬಹಳವಿದೆ. ಅವರು ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸುತ್ತಾರೆ. ರಟ್ಟಿನ ತಪ್ಪಿಗೆ ಬೆಲೆಯಿಲ್ಲ. ತಗಡುಗಳನ್ನು ವಾಹನದ ಮೇಲೆಯೇ ಹೊಂದಿಸಿ, ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು ಟ್ಯಾಕ್ ಹಾಕಿ, ಬಳಿಕ ಕಳಚಿ ಮೇಜಿನ ಮೇಲೆ ಪೂರ್ತಿ ಬೆಸೆಯುತ್ತಾರೆ. ಕಾದ ಲೋಹ ತಣಿಯುವಾಗ ಕುಗ್ಗಿ ತಗಡನ್ನು ಸೊಟ್ಟ ಮಾಡುವುದರಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆಸೆಯುತ್ತಾರೆ. ಕಳಚುವುದಕ್ಕೆ ಇನ್ನೊಂದು ಕಾರಣವೂ ಉಂಟು: ಹಲವು ವಾಹನಗಳಲ್ಲಿ ಇಂಧನದ ತೊಟ್ಟಿ ಹಿಂಬದಿಗೆ ಸಮೀಪವಾಗಿರುತ್ತದೆ. ಟ್ಯಾಕ್ ಹಾಕುವ ಕಿಡಿಯೂ ಕಿಡಿಯೇ. ಆದುದರಿಂದ ಆ ಕೆಲಸಕ್ಕೆ ಮುಂಚೆ ತೊಟ್ಟಿಯನ್ನು ಬಿಚ್ಚಿ ದೂರವಿಡಬೇಕು, ಬ್ಯಾಟರಿಯ ತಂತಿಯನ್ನೂ ಕಳಚಬೇಕು. ಮಲೆನಾಡಿನ ಮಳೆಗಾಲದಲ್ಲಿ ವೆಲ್ಡಿಂಗ್ ರಾಡುಗಳು ತೇವ ಹೀರುತ್ತವೆ. ಆ ತೇವದ ಜಲಜನಕ ಬೆಸುಗೆಯೊಳಗೆ ಸೇರಿ, ಕಣ್ಣಿಗೆ ಕಾಣದ ಬಿರುಕುಗಳಿಗೆ ಕಾರಣವಾಗಬಹುದು. ಸತುವಿನ ಲೇಪವಿರುವ ತಗಡನ್ನು ಲೇಪ ತೆಗೆಯದೆ ಬೆಸೆದರೆ ಏಳುವ ಬಿಳಿಯ ಹೊಗೆ ಬೆಸೆಯುವವನಿಗೆ ಚಳಿಜ್ವರ ತರುತ್ತದೆ. ಕೊನೆಯದಾಗಿ, ಪೆಟ್ಟಿಗೆಯಂತೆ ಮುಚ್ಚಿದ ಬಂಪರಿನ ತಳದಲ್ಲಿ ನೀರು ಇಳಿಯಲು ತೂತುಗಳಿಲ್ಲದಿದ್ದರೆ, ಹೊರಗೆ ಬಣ್ಣ ಮಿನುಗುತ್ತಿರುವಾಗಲೇ ಒಳಗೆ ತುಕ್ಕು ತಿನ್ನುತ್ತಿರುತ್ತದೆ.

ಇನ್ನು ಮೂರನೆಯ ಪ್ರಶ್ನೆ: ಬಂಪರಿನ ಹಿಂದೆ ಯಾರಿರುತ್ತಾರೆ? ತೋಟದ ದಾರಿ ಮುಗಿದ ಮೇಲೆ ಜೀಪು ಊರಿನ ರಸ್ತೆಗೆ ಬರುತ್ತದೆ. ಅಲ್ಲಿ ಅದರ ಹಿಂದಿರುವವರು ಸ್ಕೂಟರು ಸವಾರರು, ಸೈಕಲ್ಲಿನ ಹುಡುಗರು, ಸಂತೆಯಿಂದ ಮರಳುವ ಜನ. ಚೂಪಾದ ಮೂಲೆ, ಮುಂಚಾಚಿದ ಕೊಕ್ಕೆ, ಬಾಗದ ಅಂಚು ಅವರ ಮೈಗೆ ತಾಗುತ್ತದೆ. ದೀಪಗಳನ್ನೋ ಸಂಖ್ಯಾಫಲಕವನ್ನೋ ಮರೆಮಾಡುವ ಬಂಪರು ಅವರಿಗೆ ಇನ್ನೊಂದು ಅಪಾಯ. 2019ರ ಜುಲೈ ತಿಂಗಳಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯವಾಗಿರುವ, ಹಿಂದಿರುವ ಅಡ್ಡಿಯನ್ನು ಅರಿತು ಸದ್ದು ಮಾಡುವ ಸೆನ್ಸರುಗಳನ್ನು ಉಕ್ಕಿನಿಂದ ಮುಚ್ಚಿದರೆ ಆ ಸೌಲಭ್ಯವೂ ಹೋಯಿತು.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು ತಡೆಯೊಡ್ಡುತ್ತದೆ. ವಾಹನಗಳ ಮುಂದೆ ಕೂಡಿಸುವ ಉಕ್ಕಿನ ಕಟಕಟೆಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟು ಸಲ್ಲದೆಂದು ತೀರ್ಪಿತ್ತಿತು. ಆದುದರಿಂದ ಸಾರ್ವಜನಿಕ ರಸ್ತೆಗೆ ಬರುವ ವಾಹನವಾದರೆ, ಗ್ಯಾಸ್ ಕಟರಿಗೆ ಬೆಂಕಿ ಹಚ್ಚುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಇದನ್ನು ಕೆಲವರು ಕಿರುಕುಳವೆಂದು ಭಾವಿಸುತ್ತಾರೆ. ಆದರೆ ಹಿಂದಿನ ಸ್ಕೂಟರು ಸವಾರ ತನ್ನ ಪರವಾಗಿ ವರ್ಕ್‌ಷಾಪಿಗೆ ಬಂದು ವಾದಿಸಲಾರ. ಅವನ ಪರವಾಗಿ ಯಾರಾದರೂ ಮಾತನಾಡಬೇಕಲ್ಲವೆ?

“ನಮ್ಮ ಮೇಸ್ತ್ರಿಗಳು ಲೆಕ್ಕವಿಲ್ಲದೆಯೇ ನೂರು ಬಂಪರು ಮಾಡಿದ್ದಾರೆ, ಒಂದೂ ಮುರಿದಿಲ್ಲ” ಎಂದು ಯಾರಾದರೂ ಹೇಳಬಹುದು. ಅವರ ಕೈಚಳಕಕ್ಕೆ ನನ್ನ ಗೌರವವಿದೆ. ಆದರೆ ಮುರಿಯದಿರುವುದೊಂದೇ ಒರೆಗಲ್ಲಲ್ಲವೆಂದು ಮೇಲಿನ ಲೆಕ್ಕಗಳು ತೋರಿಸುತ್ತವೆ. ಇವುಗಳಲ್ಲಿ ಯಾವುದೂ ಹೈಸ್ಕೂಲಿನ ಪಠ್ಯವನ್ನು ಬಹಳ ಮೀರಿದ್ದಲ್ಲ: ಚಲನಶಕ್ತಿ, ಸನ್ನೆಗೋಲು, ಸಾಂದ್ರತೆ, ಸ್ವಲ್ಪ ತ್ರಿಕೋನಮಿತಿ. ಇವನ್ನು ಬಲ್ಲ ವಿದ್ಯಾರ್ಥಿಗಳು ವರ್ಕ್‌ಷಾಪಿನ ಬಾಗಿಲು ಹೊಗುವುದಿಲ್ಲ; ವರ್ಕ್‌ಷಾಪಿನವರಿಗೆ ಇವನ್ನು ಯಾರೂ ಹೇಳಿಕೊಟ್ಟಿಲ್ಲ. ಈ ಅಗಲಿಕೆ ಎರಡು ಕಡೆಗೂ ನಷ್ಟ.

ಆದುದರಿಂದ ನನ್ನ ಸೂಚನೆ ಇಷ್ಟೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಯಾರಾದರೂ ಇಂತಹ ಬಂಪರನ್ನು ಮಾಡಿಸಲು ಹೊರಟರೆ, ಕಾಗದ, ಪೆನ್ಸಿಲು, ಅಳತೆಯ ಟೇಪು ಹಿಡಿದು ಅವರ ಸಂಗಡ ಹೋಗಿ. ಕೆಲಸ ಯಾವುದು, ಬಲ ಎಲ್ಲಿಗೆ, ಹಿಂದೆ ಯಾರು ಎಂಬುದನ್ನು ಬರೆದುಕೊಂಡು ಮೇಸ್ತ್ರಿಗಳ ಮುಂದಿಡಿ. ಅವರು ಹೇಳುವುದನ್ನೂ ಕೇಳಿ ಬರೆದುಕೊಳ್ಳಿ. ತಗಡಿನ ದಪ್ಪವನ್ನು ಆಮೇಲೆ ಇಬ್ಬರೂ ಕೂಡಿ ನಿಶ್ಚಯಿಸಬಹುದು.