ಉಡುಗೆ ಹೇಳುವ ಕಥೆ

ಯುದ್ಧ ಮುಗಿದಿದೆ. ಮನೆಯಲ್ಲಿ ಕಾಳಿಲ್ಲ, ಕೈಯಲ್ಲಿ ಕಾಸಿಲ್ಲ. ಜಮೀನು ಉಳಿಯಬೇಕಾದರೆ 300 ಡಾಲರ್ ತೆರಿಗೆ ಕಟ್ಟಬೇಕು. ಅಷ್ಟು ಹಣವಿರುವುದು ಒಬ್ಬನ ಬಳಿ ಮಾತ್ರ. ಅವನ ಮುಂದೆ ಹರಕು ಬಟ್ಟೆಯಲ್ಲಿ ಹೋಗಿ ನಿಂತರೆ ಕೆಲಸ ಕೆಟ್ಟಂತೆಯೇ. ಸ್ಕಾರ್ಲೆಟ್ ಓಹಾರಾ ಸುತ್ತ ಕಣ್ಣಾಡಿಸುತ್ತಾಳೆ. ತಾಯಿಯ ಕಾಲದ ಹಸಿರು ಮಖಮಲ್ಲಿನ ಪರದೆ ಕಿಟಕಿಯಲ್ಲಿ ತೂಗುತ್ತಿದೆ. ಸ್ವಲ್ಪ ಹೊತ್ತಿನಲ್ಲೇ ಆ ಪರದೆ ಅವಳ ಮೈಮೇಲೆ ಗೌನಾಗಿ ಬಂದಿರುತ್ತದೆ. ಪರದೆ ಕಟ್ಟುವ ಕುಚ್ಚಿನ ಹಗ್ಗವೇ ಸೊಂಟಪಟ್ಟಿ!

ಇದು 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರದ ದೃಶ್ಯ. ಜೈಲಿನಲ್ಲಿರುವ ರೆಟ್ ಬಟ್ಲರ್ ಆ ಉಡುಪಿನ ಠೀವಿ ನೋಡಿ ಮೊದಲು ನಂಬುತ್ತಾನೆ. ಆಮೇಲೆ ಅವಳ ಅಂಗೈ ಹಿಡಿದು ನೋಡುತ್ತಾನೆ. ಹೊಲದಲ್ಲಿ ದುಡಿದು ಒರಟಾದ ಕೈ. ಗೌನು ಹೇಳಿದ ಸುಳ್ಳನ್ನು ಕೈ ಬಯಲು ಮಾಡುತ್ತದೆ. ವಸ್ತ್ರವಿನ್ಯಾಸಕ ವಾಲ್ಟರ್ ಪ್ಲಂಕೆಟ್ ರೂಪಿಸಿದ ಆ ಹಸಿರು ಉಡುಪು ಇಂದಿಗೂ ಸಿನಿಮಾ ಇತಿಹಾಸದ ಅತಿ ಪ್ರಸಿದ್ಧ ಉಡುಪುಗಳಲ್ಲೊಂದು. ಆಗ ಆಸ್ಕರ್‌ನಲ್ಲಿ ವಸ್ತ್ರವಿನ್ಯಾಸಕ್ಕೆ ಪ್ರಶಸ್ತಿಯೇ ಇರಲಿಲ್ಲ. ಅದು ಆರಂಭವಾದದ್ದು 1948ರ ಚಿತ್ರಗಳಿಂದ.

ನಮ್ಮಲ್ಲಿ ‘ಡ್ರೆಸ್ ಚೆನ್ನಾಗಿತ್ತು’ ಎಂದರೆ ಸಾಮಾನ್ಯವಾಗಿ ಹಾಡಿನ ದೃಶ್ಯದ ಥಳುಕು ಎಂದೇ ಅರ್ಥ. ಆದರೆ ಸ್ಕಾರ್ಲೆಟ್‌ಳ ಗೌನಿನ ಹೆಚ್ಚುಗಾರಿಕೆ ಅದರ ಅಂದದಲ್ಲಿಲ್ಲ. ಬಡತನ, ಹಟ, ಲೆಕ್ಕಾಚಾರ, ಸತ್ತ ತಾಯಿಯ ನೆನಪು ಎಲ್ಲವನ್ನೂ ಅದು ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಪಾತ್ರ ಬಾಯಿ ತೆರೆಯುವ ಮೊದಲೇ ಅದರ ಉಡುಗೆ ಮಾತನಾಡಿರುತ್ತದೆ.

ಬಟ್ಟೆ ಕಳಚುತ್ತ ಹೋದ ನಾಯಕ

ಇದಕ್ಕೆ ಭಾರತದ ಮಟ್ಟಿಗೆ ‘ಗಾಂಧಿ’ಗಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ರಿಚರ್ಡ್ ಅಟೆನ್‌ಬರೊ ನಿರ್ದೇಶಿಸಿದ ಈ ಚಿತ್ರ 1982ರಲ್ಲಿ ತೆರೆಗೆ ಬಂತು. ಅದರ ನಾಯಕ ಇತರ ನಾಯಕರ ಹಾಗಲ್ಲ. ಕಥೆ ಮುಂದುವರಿದಂತೆ ಹೊಸ ಬಟ್ಟೆ ತೊಡುವ ಬದಲು ಇದ್ದ ಬಟ್ಟೆಯನ್ನೇ ಕಳಚುತ್ತ ಹೋಗುತ್ತಾನೆ. ವಸ್ತ್ರವಿನ್ಯಾಸಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೇನಿದೆ?

ಗಾಂಧೀಜಿಗೆ ಉಡುಪಿನ ಶಕ್ತಿ ಚೆನ್ನಾಗಿ ಗೊತ್ತಿತ್ತು. ಪಾರ್ಸಿಗಳೇ ಆಗ ಹೆಚ್ಚು ನಾಗರಿಕರು ಎನಿಸಿದ್ದರಿಂದ, ಸಂಸಾರದೊಡನೆ ದಕ್ಷಿಣ ಆಫ್ರಿಕಕ್ಕೆ ಹೊರಟಾಗ ಕಸ್ತೂರಬಾ ಅವರಿಗೆ ಪಾರ್ಸಿ ರೀತಿಯ ಸೀರೆಯನ್ನು, ಮಕ್ಕಳಿಗೆ ಪಾರ್ಸಿ ಕೋಟು–ಷರಾಯಿಗಳನ್ನು ತೊಡಿಸಿದ್ದಾಗಿ ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಭ್ಯಾಸವಿಲ್ಲದ ಕಾಲುಗಳಿಗೆ ಬೂಟು, ಕಾಲುಚೀಲಗಳ ಶಿಕ್ಷೆ ಬೇರೆ. ಹೀಗೆ ಹೆಂಡತಿ ಮಕ್ಕಳಿಗೆ ವೇಷ ಗೊತ್ತುಮಾಡಿದ ಬ್ಯಾರಿಸ್ಟರ್ ಮುಂದೆ ತನ್ನ ವೇಷವನ್ನೇ ರಾಜಕೀಯದ ಭಾಷೆಯನ್ನಾಗಿ ಮಾಡಿಕೊಂಡದ್ದು ದೊಡ್ಡ ಕಥೆ.

ಚಿತ್ರದಲ್ಲಿ ಅದರ ಒಂದೊಂದು ಮೆಟ್ಟಿಲೂ ಕಾಣುತ್ತದೆ. 1893, ದಕ್ಷಿಣ ಆಫ್ರಿಕದ ರೈಲು. ಒಗೆದು ಇಸ್ತ್ರಿ ಮಾಡಿದ ಸೂಟು, ಗಟ್ಟಿ ಕಾಲರು, ಟೈ ಧರಿಸಿದ ತರುಣ ವಕೀಲ ಮೊದಲ ದರ್ಜೆಯಲ್ಲಿ ಕುಳಿತಿದ್ದಾನೆ. ಸೂಟು ಸರಿಯಾಗಿದೆ, ಟಿಕೇಟೂ ಸರಿಯಾಗಿದೆ. ಮೈಬಣ್ಣ ಮಾತ್ರ ಆ ಬೋಗಿಗೆ ಒಪ್ಪುವುದಿಲ್ಲ. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವನನ್ನು ಹೊರದಬ್ಬುತ್ತಾರೆ. ಆತ ಮಾಸಿದ ಬಟ್ಟೆಯಲ್ಲಿದ್ದಿದ್ದರೆ ಈ ದೃಶ್ಯಕ್ಕೆ ಅರ್ಧ ಬಲವೂ ಬರುತ್ತಿರಲಿಲ್ಲ.

1915ರಲ್ಲಿ ಮುಂಬಯಿ ಬಂದರಿನಲ್ಲಿ ಇಳಿಯುವಾಗ ಸೂಟು ಹೋಗಿದೆ, ಕಾಠಿಯಾವಾಡದ ಬಿಳಿ ಉಡುಪು, ಮುಂಡಾಸು ಬಂದಿವೆ. ಆಮೇಲೆ ದೇಶ ಸುತ್ತುವಾಗ ನದಿಯ ದಡದ ಒಂದು ದೃಶ್ಯ. ಮೈ ಮುಚ್ಚಲು ಸಾಕಷ್ಟು ಬಟ್ಟೆಯಿಲ್ಲದ ಹೆಂಗಸೊಬ್ಬಳು ಎದುರಿಗೆ ಕಾಣುತ್ತಾಳೆ. ಗಾಂಧಿ ತಮ್ಮ ಕೈಯಲ್ಲಿದ್ದ ವಸ್ತ್ರವನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಅದು ಅವಳತ್ತ ಸಾಗುತ್ತದೆ. ಇಬ್ಬರ ನಡುವೆ ಮಾತಿಲ್ಲ. ಮಾತು ಬೇಕಾಗಿಯೂ ಇಲ್ಲ.

ಇತಿಹಾಸದಲ್ಲಿ ಕೊನೆಯ ತೀರ್ಮಾನವಾದದ್ದು 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ. ವಿದೇಶಿ ಬಟ್ಟೆ ಬಿಡಿ, ಖಾದಿ ಉಡಿ ಎಂದು ಹೇಳುತ್ತಿದ್ದವರಿಗೆ, ಖಾದಿ ಕೊಳ್ಳಲು ಹಣವೆಲ್ಲಿದೆ ಎಂಬ ಬಡವರ ಪ್ರಶ್ನೆ ಎದುರಾಗಿತ್ತು. ಅಂದಿನಿಂದ ಗಾಂಧೀಜಿಯ ಉಡುಗೆ ಮೊಳಕಾಲಿನವರೆಗಿನ ತುಂಡು ಪಂಚೆಗೆ ಇಳಿಯಿತು. ಹತ್ತು ವರ್ಷಗಳ ನಂತರ, 1931ರಲ್ಲಿ, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದದ್ದೂ ಅದರಲ್ಲೇ. ಚಿತ್ರದ ಆರಂಭದಲ್ಲಿ ಇಂಗ್ಲಿಷರ ಹಾಗೆ ಕಾಣಲು ಹೊರಟಿದ್ದ ವಕೀಲನೇ ಇವನು ಎಂಬುದು ನೆನಪಾದಾಗ ಪ್ರೇಕ್ಷಕ ದಂಗಾಗುತ್ತಾನೆ. ಗಾಂಧಿ ಒಂದೊಂದೇ ಬಟ್ಟೆ ಬಿಡುತ್ತಿದ್ದಾಗ ಜಿನ್ನಾ ಮಾತ್ರ ಪಾಶ್ಚಾತ್ಯ ಸೂಟಿನ ಗೆರೆ ಕೊಂಕದಂತೆ ಕುಳಿತಿರುತ್ತಾರೆ. ಇಬ್ಬರ ರಾಜಕೀಯದ ಅಂತರ ಸಂಭಾಷಣೆಗೆ ಮುಂಚೆಯೇ ಕಣ್ಣಿಗೆ ಕಟ್ಟುತ್ತದೆ.

ಕೊಲ್ಹಾಪುರದ ಹುಡುಗಿ

ಈ ಚಿತ್ರದ ಭಾರತೀಯ ಉಡುಪುಗಳ ಹೊಣೆ ಹೊತ್ತವರು ಭಾನು ಅಥೈಯಾ. ಜೊತೆಗಿದ್ದ ಬ್ರಿಟಿಷ್ ವಿನ್ಯಾಸಕ ಜಾನ್ ಮೊಲೊ ಸೇನಾ ಸಮವಸ್ತ್ರಗಳ ಇತಿಹಾಸ ಬಲ್ಲವರು. ಅಷ್ಟರಲ್ಲಾಗಲೇ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಆಸ್ಕರ್ ಪಡೆದಿದ್ದರು.

ಭಾನು ಹುಟ್ಟಿದ್ದು 1929ರಲ್ಲಿ, ನಮ್ಮ ಬೆಳಗಾವಿಗೆ ಸಮೀಪದ ಕೊಲ್ಹಾಪುರದಲ್ಲಿ. ತಂದೆ ಅಣ್ಣಾಸಾಹೇಬ ರಾಜೋಪಾಧ್ಯೆ ಚಿತ್ರಕಾರರು. ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಚಿತ್ರ ಬಿಡಿಸುವ ಹುಚ್ಚು ಹುಡುಗಿಯನ್ನು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಕರೆದೊಯ್ದಿತು. ‘ಈವ್ಸ್ ವೀಕ್ಲಿ’ ಪತ್ರಿಕೆಗೆ ಉಡುಪುಗಳ ಚಿತ್ರ ಬರೆಯುತ್ತಿದ್ದಾಗ, ಅದರ ಸಂಪಾದಕಿ ಒಂದು ಬಟ್ಟೆ ಅಂಗಡಿ ತೆರೆದು, ಕಾಗದದ ಮೇಲೆ ಬರೆಯುವುದನ್ನೇ ಬಟ್ಟೆಯಲ್ಲೂ ಮಾಡಿನೋಡು ಎಂದರು. ಬದುಕು ತಿರುಗಿದ್ದು ಅಲ್ಲಿ. 1956ರ ‘ಸಿ.ಐ.ಡಿ.’ಯಿಂದ ಗುರುದತ್ ಅವರ ಬಳಗ ಸೇರಿದರು. ‘ಪ್ಯಾಸಾ’, ‘ಸಾಹಿಬ್ ಬೀಬಿ ಔರ್ ಗುಲಾಮ್’, ‘ಗೈಡ್’ ಒಂದರ ಹಿಂದೊಂದು ಬಂದವು. 1966ರ ‘ಆಮ್ರಪಾಲಿ’ಗಾಗಿ ಅಜಂತೆಗೆ ಹೋಗಿ ಭಿತ್ತಿಚಿತ್ರಗಳ ಉಡುಗೆ ತೊಡುಗೆಗಳನ್ನು ಅಭ್ಯಾಸ ಮಾಡಿದರು. ವೈಜಯಂತಿಮಾಲಾ ತೊಟ್ಟ ಆ ಉಡುಪುಗಳೇ ಪ್ರಾಚೀನ ಭಾರತವೆಂದರೆ ಹೀಗಿತ್ತು ಎಂಬ ಕಲ್ಪನೆಯನ್ನು ಬಹಳ ಜನರ ಮನಸ್ಸಿನಲ್ಲಿ ಊರಿಬಿಟ್ಟವು.

1983ರ ಏಪ್ರಿಲ್ 11ರಂದು ‘ಗಾಂಧಿ’ಗೆ ಎಂಟು ಆಸ್ಕರ್ ಬಂದವು. ಅದರಲ್ಲಿ ವಸ್ತ್ರವಿನ್ಯಾಸದ್ದೂ ಒಂದು. ಆಸ್ಕರ್ ಪಡೆದ ಮೊದಲ ಭಾರತೀಯರೆಂಬ ಹೆಸರು ಭಾನು ಅವರದಾಯಿತು. ಆ ವರ್ಷ ಎದುರಾಳಿಗಳು ಸಾಮಾನ್ಯರಲ್ಲ. ಒಂದು ಕಡೆ ‘ಲಾ ಟ್ರಾವಿಯಾಟಾ’ ಎಂಬ ಒಪೆರಾ ಚಿತ್ರದ ವೈಭವ, ಇನ್ನೊಂದು ಕಡೆ ‘ಟ್ರಾನ್’ ಚಿತ್ರದ ಮಿನುಗುವ ಉಡುಪು. ಅವೆರಡರ ನಡುವೆ ಗೆದ್ದದ್ದು ಕೈಮಗ್ಗದ ಖಾದಿ.

ಹೊಸ ಬಟ್ಟೆಯನ್ನು ಹಳೆಯದಾಗಿಸುವ ವಿದ್ಯೆ

ಸಾದಾ ಬಟ್ಟೆಗೆ ಇಷ್ಟೊಂದು ಶ್ರಮವೇಕೆ ಎಂದು ಕೇಳಬಹುದು. ‘ಗಾಂಧಿ’ಯ ಮುಖ್ಯ ಕಥೆ 1893ರಿಂದ 1948ರವರೆಗಿನ 55 ವರ್ಷಗಳದ್ದು. ಪ್ರತಿ ಹತ್ತು ವರ್ಷಕ್ಕೂ ಕಾಲರಿನ ಎತ್ತರ, ಟೋಪಿಯ ಆಕಾರ, ಸೀರೆಯ ಅಂಚು ಬದಲಾಗುತ್ತವೆ. ಗಿರಣಿ ಬಟ್ಟೆ ಬೀಳುವ ರೀತಿ ಬೇರೆ, ಕೈನೂಲಿನ ಬಟ್ಟೆ ಮಡಿಕೆಯಾಗುವ ರೀತಿ ಬೇರೆ. ಗುಜರಾತಿ ಹೆಂಗಸಿನ ಸೆರಗು ಬಲಭುಜದಿಂದ ಮುಂದಕ್ಕೆ ಬರಬೇಕು. ಗುಂಪಿನಲ್ಲಿ ಮೂಲೆಯಲ್ಲಿ ನಿಂತವನ ಪೇಟವೂ ಅವನ ಸೀಮೆಯದೇ ಆಗಿರಬೇಕು.

ಇನ್ನೊಂದು ಕಷ್ಟವಿದೆ. ದರ್ಜಿಯ ಕೈಯಿಂದ ಬಂದ ಬಟ್ಟೆ ಹೊಸದಾಗಿಯೇ ಇರುತ್ತದೆ. ಕ್ಯಾಮೆರಾ ಅದನ್ನು ತಕ್ಷಣ ಹಿಡಿದುಹಾಕುತ್ತದೆ. ರೈತನ ಅಂಗಿ ರೈತನದೆಂದು ಕಾಣಬೇಕಾದರೆ ಭುಜದ ಮೇಲೆ ಬಿಸಿಲಿಗೆ ಬಣ್ಣ ಹೋಗಿರಬೇಕು, ಮೊಣಕೈ ಸವೆದಿರಬೇಕು, ಬೆನ್ನಿನಲ್ಲಿ ಬೆವರಿನ ಉಪ್ಪಿನ ಗೆರೆ ಮೂಡಿರಬೇಕು. ಅದಕ್ಕಾಗಿ ಹೊಸ ಬಟ್ಟೆಯನ್ನು ಮತ್ತೆ ಮತ್ತೆ ಒಗೆಯುತ್ತಾರೆ, ಚಹಾ ಡಿಕಾಕ್ಷನ್‌ನಲ್ಲಿ ಅದ್ದುತ್ತಾರೆ, ಉಪ್ಪುಕಾಗದದಿಂದ ಉಜ್ಜುತ್ತಾರೆ, ತೇಪೆ ಹಾಕುತ್ತಾರೆ. ತೇಪೆಯನ್ನೂ ಮನೆಯ ಹೆಂಗಸು ಹಾಕಿದ ಹಾಗೆ ಹಾಕಬೇಕು. ದರ್ಜಿಯ ಅಚ್ಚುಕಟ್ಟು ಅಲ್ಲಿ ಸಲ್ಲದು. ಮಳೆಯಲ್ಲಿ ನೆನೆಯುವ, ಹೊಡೆದಾಟದಲ್ಲಿ ಹರಿಯುವ ಉಡುಪಾದರೆ ಒಂದೇ ಬಗೆಯ ಹಲವಾರು ಪ್ರತಿಗಳು ಬೇಕು. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲವಾದ್ದರಿಂದ ಯಾವ ದೃಶ್ಯದಲ್ಲಿ ಎಷ್ಟು ಕೊಳೆಯಿತ್ತು, ಯಾವ ಗುಂಡಿ ಬಿಚ್ಚಿತ್ತು ಎಂಬುದಕ್ಕೂ ಫೋಟೊ ಸಮೇತ ಲೆಕ್ಕ ಇಡಬೇಕು.

ಭಾನು ಅವರ ಈ ವಿದ್ಯೆ ಮತ್ತೊಮ್ಮೆ ಬೆಳಗಿದ್ದು 2001ರ ‘ಲಗಾನ್’ನಲ್ಲಿ. ಕಾಕತಾಳೀಯವೆಂಬಂತೆ ಅದರ ಕಥೆ ನಡೆಯುವುದೂ 1893ರಲ್ಲೇ. ಮಳೆಯಿಲ್ಲದ ಊರಿನ ಮಣ್ಣುಬಣ್ಣದ ಒರಟು ಬಟ್ಟೆ ಒಂದು ಕಡೆ, ಕಲೆಯಿಲ್ಲದ ಬಿಳಿ ಕ್ರಿಕೆಟ್ ಉಡುಪು ಇನ್ನೊಂದು ಕಡೆ. ಆಟದ ನಿಯಮ ತಿಳಿಯದ ಅಜ್ಜಿಗೂ ಯಾರು ಯಾರ ಕಡೆ ಎಂಬುದು ಗೊತ್ತಾಗುತ್ತದೆ. ಈ ಚಿತ್ರಕ್ಕೆ, ಅದಕ್ಕೆ ಮೊದಲು ‘ಲೇಕಿನ್’ಗೆ, ಅವರು ರಾಷ್ಟ್ರಪ್ರಶಸ್ತಿ ಪಡೆದರು.

ಜಪಾನಿನ ಅಕಿರಾ ಕುರೊಸಾವಾ ಇದೇ ಉಪಾಯವನ್ನು ಯುದ್ಧಭೂಮಿಗೆ ಒಯ್ದಿದ್ದರು. 1985ರ ‘ರಾನ್’ ಚಿತ್ರದಲ್ಲಿ ಮುದಿ ದೊರೆಯ ಮೂವರು ಮಕ್ಕಳ ಸೈನ್ಯಗಳಿಗೆ ಹಳದಿ, ಕೆಂಪು, ನೀಲಿ ಬಣ್ಣ. ಕುದುರೆಗಳು ನುಗ್ಗಿ ದೂಳೆದ್ದರೂ ಯಾರು ಗೆಲ್ಲುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಸುಮಾರು 1,400 ಉಡುಪು ಮತ್ತು ಕವಚಗಳನ್ನು ಕೈಯಿಂದಲೇ ತಯಾರಿಸಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ವಿನ್ಯಾಸಕಿ ಎಮಿ ವಾಡಾ ಅವರಿಗೆ ಆಸ್ಕರ್ ಸಂದಿತು.

ಕಂಪನಿ ನಾಟಕದಿಂದ ಕ್ಯಾಮೆರಾದವರೆಗೆ

ಕನ್ನಡ ಚಿತ್ರಗಳಿಗೆ ವೇಷಭೂಷಣ ಬಂದದ್ದು ಕಂಪನಿ ನಾಟಕಗಳಿಂದ. ಜರಿಯ ಅಂಗಿ, ಹೊಳೆಯುವ ಕಿರೀಟ, ಭುಜಕೀರ್ತಿ ಎಲ್ಲವೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕಾಣಲೆಂದು ಮಾಡಿದವು. ಅದರಲ್ಲಿ ತಪ್ಪೇನಿಲ್ಲ, ರಂಗಭೂಮಿಗೆ ಅದೇ ಸರಿ. ಕ್ಯಾಮೆರಾ ಮಾತ್ರ ನಟನಿಂದ ಒಂದು ಮಾರು ದೂರದಲ್ಲಿ ನಿಂತು ನೋಡುತ್ತದೆ. ಅದರ ಮುಂದೆ ಬಟ್ಟೆಯ ನೇಯ್ಗೆಯೂ ಲೆಕ್ಕಕ್ಕೆ ಬರುತ್ತದೆ.

ಈ ಸೂಕ್ಷ್ಮವನ್ನು ರಂಗಭೂಮಿಯಿಂದಲೇ ಬಂದ ವೈಶಾಲಿ ಕಾಸರವಳ್ಳಿ ಚೆನ್ನಾಗಿ ಅರಿತಿದ್ದರು. ಗಿರೀಶ ಕಾಸರವಳ್ಳಿ ನಿರ್ದೇಶನದ ‘ತಾಯಿಸಾಹೇಬ’ (1997) ಸ್ವಾತಂತ್ರ್ಯ ಹೋರಾಟದ ಕಾಲದಿಂದ ಅನಂತರದ ದಿನಗಳವರೆಗೆ ಒಂದು ದೊಡ್ಡಮನೆಯ ಹೆಣ್ಣಿನ ಬದುಕನ್ನು ಹಿಂಬಾಲಿಸುತ್ತದೆ. ಮುಖ್ಯ ಪಾತ್ರದಲ್ಲಿ ಜಯಮಾಲಾ. ಚಿತ್ರಕ್ಕೆ ಸ್ವರ್ಣಕಮಲ ಬಂತು, ವೈಶಾಲಿ ಅವರಿಗೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ಬಂತು. ನಟಿಯಾಗಿ ಅವರನ್ನು ಬಲ್ಲವರಲ್ಲಿ ಎಷ್ಟು ಮಂದಿಗೆ ಈ ಪ್ರಶಸ್ತಿಯ ವಿಷಯ ಗೊತ್ತು?

ಕನ್ನಡ ನಾಡಿನಲ್ಲಿ ಇಂಥ ಕೆಲಸಕ್ಕೆ ಸಾಮಗ್ರಿಯ ಬರವಿಲ್ಲ. ಕೊಡಗಿನವರ ಸೀರೆಯ ನೆರಿಗೆ ಹಿಂದಕ್ಕಿರುತ್ತದೆ. ಇಳಕಲ್ ಸೀರೆಯನ್ನು ಸೆರಗಿನಿಂದಲೇ ಗುರುತಿಸಬಹುದು. ಕಚ್ಚೆ ಹಾಕಿ ಉಟ್ಟವರಲ್ಲೂ ಊರಿಗೊಂದು ಬಗೆ. ಉಟ್ಟದ್ದನ್ನು ನೋಡಿಯೇ ಸೀಮೆ ಹೇಳುತ್ತಿದ್ದ ಅಜ್ಜಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವವರು ಕಡಿಮೆ.

ಚಿತ್ರ ಬಿಡಿಸುವ ಮಗು

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸೀರೆ, ಪೇಟ, ಗೌನು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ‘ಓದೋ ಹೊತ್ತಲ್ಲಿ ಇದೇನು?’ ಎಂಬ ಗದರಿಕೆಯೂ ಇದ್ದದ್ದೇ. ಗಂಡುಹುಡುಗನಾದರೆ ‘ದರ್ಜಿ ಆಗ್ತೀಯೇನೋ?’ ಎಂಬ ಮಾತು ಬೇರೆ. ಒಳ್ಳೆಯ ದರ್ಜಿಯಾಗುವುದು ಸುಲಭವೂ ಅಲ್ಲ, ಕೀಳೂ ಅಲ್ಲ. ವಸ್ತ್ರವಿನ್ಯಾಸಕ್ಕೆ ಹೊಲಿಗೆಯ ಜೊತೆಗೆ ಇತಿಹಾಸ ಬೇಕು, ಚಿತ್ರಕಲೆ ಬೇಕು, ನೂಲು–ಬಣ್ಣಗಳ ತಿಳಿವಳಿಕೆ ಬೇಕು, ಮನುಷ್ಯರನ್ನು ನೋಡುವ ಕಣ್ಣು ಬೇಕು. ಮೇಲಾಗಿ ಖರ್ಚಿನ ಲೆಕ್ಕವೂ ಬರಬೇಕು.

ಕಲಿಯುವ ದಾರಿಗಳೂ ಇವೆ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಜವಳಿ ವಿನ್ಯಾಸ ಕಲಿಸುತ್ತಾರೆ. ಚಿತ್ರಕಲೆಯ ಬುನಾದಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇವೆ. ರಂಗದ ಮೂಲಕ ಬರುವವರಿಗೆ ಹೆಗ್ಗೋಡಿನ ನೀನಾಸಂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಇವೆ. ಆದರೆ ಪೋಷಕರು ಒಂದು ಮಾತು ತಿಳಿದಿರಬೇಕು. ಸಿನಿಮಾದ ಕೆಲಸ ಒಂದು ಚಿತ್ರದಿಂದ ಇನ್ನೊಂದಕ್ಕೆ ಸಾಗುವಂಥದು, ತಿಂಗಳ ಸಂಬಳದ ಭರವಸೆ ಇರುವುದಿಲ್ಲ. ಮಗುವಿಗೆ ಆಸೆಯಿದ್ದರೆ ಈ ಕಷ್ಟವನ್ನು ಮುಚ್ಚಿಡದೆ ಹೇಳಿ, ಆಮೇಲೆ ಬೆಂಬಲಿಸುವುದು ಒಳ್ಳೆಯದು.

ಭಾನು ಅಥೈಯಾ 2012ರಲ್ಲಿ ತಮ್ಮ ಆಸ್ಕರ್ ಪ್ರತಿಮೆಯನ್ನು ಜೋಪಾನವಾಗಿರಲೆಂದು ಅಕಾಡೆಮಿಗೇ ಹಿಂದಿರುಗಿಸಿದರು. 2020ರ ಅಕ್ಟೋಬರ್ 15ರಂದು ತೀರಿಕೊಂಡರು. ಪ್ರತಿಮೆ ದೂರದೇಶದಲ್ಲಿದ್ದರೂ ಅವರ ಕೆಲಸ ಎಲ್ಲರಿಗೂ ಸಿಗುವಂತಿದೆ.

ರಜೆಯಲ್ಲಿ ಮನೆಮಂದಿಯೆಲ್ಲ ಕುಳಿತು ಮಾಡಬಹುದಾದ ಒಂದು ಸಣ್ಣ ಪ್ರಯೋಗವಿದೆ. ‘ಗಾಂಧಿ’ಯನ್ನೋ ‘ತಾಯಿಸಾಹೇಬ’ವನ್ನೋ ಹಾಕಿ, ಹತ್ತು ನಿಮಿಷ ಧ್ವನಿ ನಿಲ್ಲಿಸಿ ನೋಡಿ. ಯಾರು ಬಡವರು, ಯಾರು ಅಧಿಕಾರದಲ್ಲಿದ್ದಾರೆ, ಕಾಲ ಯಾವುದು, ಊರು ಯಾವುದು ಎಂದು ಮಕ್ಕಳು ಬರೆದುಕೊಳ್ಳಲಿ. ಆಮೇಲೆ ಧ್ವನಿ ಹಾಕಿ ಹೋಲಿಸಿ. ಎಷ್ಟು ಉತ್ತರ ಸರಿಯಾಗಿವೆಯೋ ಅಷ್ಟೂ ಬಟ್ಟೆಯೇ ಹೇಳಿಕೊಟ್ಟದ್ದು. ಚಿತ್ರ ಮುಗಿದ ಮೇಲೆ ಟೀವಿ ಆರಿಸುವ ಅವಸರ ಬೇಡ. ಹೆಸರುಗಳ ಸಾಲಿನಲ್ಲಿ ‘ವಸ್ತ್ರವಿನ್ಯಾಸ’ ಎಂಬುದರ ಮುಂದೆ ಯಾರ ಹೆಸರಿದೆ ಎಂಬುದನ್ನೂ ಓದಿ.