ಕೊಂಡ ಪ್ರಾಜೆಕ್ಟ್‌ಗಿಂತ ಗುಜರಿ ಸೈಕಲ್ ವಾಸಿ

ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006–07ರಲ್ಲಿ. ನಮ್ಮೂರು ಕೊಕ್ಕರೆ ಬೆಳ್ಳೂರಿನಲ್ಲಿ ನನಗೂ ಅಕ್ಕನಿಗೂ ಸಿಕ್ಕಿದ್ದ ಸೈಕಲ್‌ಗಳು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಎರಡನ್ನೂ ಬಿಚ್ಚಿ, ಮದ್ದೂರಿನಲ್ಲಿ ವೆಲ್ಡಿಂಗ್ ಮಾಡಿಸಿ, 250 ವ್ಯಾಟ್ ಮೋಟಾರು, 12 ವೋಲ್ಟಿನ ಎರಡು ಬ್ಯಾಟರಿ ಕೂರಿಸಿ ಮೂರು ಚಕ್ರದ ಗಾಡಿ ಕಟ್ಟಿದೆ. ಮಂಡಿನೋವಿನ ಅವ್ವ ಹೊಲದಿಂದ ಹುಲ್ಲಿನ ಹೊರೆ ಹೊತ್ತು ತರುವುದು ತಪ್ಪಲಿ ಎಂಬ ಆಸೆ.

ಮೊದಲ ದಿನವೇ ಹುಣಸೆ ಮರದ ತಿರುವಿನಲ್ಲಿ ಗಾಡಿ ಮುಗ್ಗರಿಸಿತು. ಹಿಂದಿನ ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದೆ. ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕಾಗಿಯೇ ಇರುವ ಡಿಫರೆನ್ಷಿಯಲ್ ಬಗ್ಗೆ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನೇ! ಕೊನೆಗೆ ಒಂದೇ ಚಕ್ರಕ್ಕೆ ಚೈನ್ ಕೊಟ್ಟು, ಇನ್ನೊಂದನ್ನು ಬಿಡಿಯಾಗಿ ತಿರುಗಲು ಬಿಟ್ಟೆ. ಆಮೇಲೆ ರಿಮ್ ಸೊಟ್ಟಗಾಯಿತು. ಸೈಕಲ್ ತಿರುವಿನಲ್ಲಿ ವಾಲುತ್ತದೆ. ಮೂರು ಚಕ್ರದ ಗಾಡಿ ವಾಲದ ಕಾರಣ ಕಡ್ಡಿಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ವೇಗ ಇಳಿಸಿದೆ, ಹುಲ್ಲು ಹೇರುವ ತಟ್ಟೆಯನ್ನೂ ತಗ್ಗಿಸಿದೆ.

ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವ ಗೆಳೆಯರು ‘ಇದಕ್ಕೆ ಮಾರ್ಕ್ಸ್ ಸಿಗುತ್ತಾ?’ ಎಂದು ನಗುತ್ತಾರೆ. ಅನುಮತಿಯಿಲ್ಲದ ಗಾಡಿ ಮುಖ್ಯರಸ್ತೆಗೆ ಇಳಿಯುವಂತಿಲ್ಲ, ಹೊಲದ ದಾರಿಗಷ್ಟೇ ಎಂಬುದೂ ನಿಜ. ಆದರೆ ನಾಳೆ ಸಂದರ್ಶನದಲ್ಲಿ ‘ಇದನ್ನು ಯಾಕೆ ಹೀಗೆ ಮಾಡಿದಿರಿ?’ ಎಂದು ಕೇಳಿದರೆ, ಕೊಂಡವರು ಏನು ಹೇಳುತ್ತಾರೆ? ಎರಡು ಸಲ ಕೆಡಿಸಿ ಸರಿಮಾಡಿದ ನನ್ನ ಬಳಿ ಉತ್ತರವಿದೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಒಂದು ಹಳೇ ಸೈಕಲ್ ಇರಬಹುದು. ಈ ರಜೆಯಲ್ಲಿ ಸ್ಪ್ಯಾನರ್ ಹಿಡಿಯಿರಿ. ನಮ್ಮವ್ವ ಈಗ ಹೊರೆಯನ್ನು ಗಾಡಿಗೆ ಹಾಕಿ, ಪಕ್ಕದಲ್ಲಿ ಬರಿಗೈಯಲ್ಲಿ ನಡೆದು ಬರುತ್ತಾಳೆ.